ಕುಶಾಲು ಬೇರೆ, ಗೇಲಿ ಬೇರೆ

ಇಂಗ್ಲಿಷಿನ ‘ಡಿರೈಸಿವ್’ ಮತ್ತು ‘ಡಿರೈಸರಿ’ ಎಂಬ ಗುಣವಾಚಕಗಳು ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಕೆಡಹುವುದುಂಟು. ಎರಡಕ್ಕೂ ಮೂಲ ‘ನಗು’ ಎಂಬರ್ಥದ ಲ್ಯಾಟಿನ್ ಧಾತು. ‘ರಿಡಿಕ್ಯುಲಸ್’ ಕೂಡ ಇದೇ ಮನೆತನದ್ದು. ಆದರೆ ಒಂದು ನಗುವವನ ಕಡೆಯ ಪದ, ಇನ್ನೊಂದು ನಗೆಗೀಡಾದದ್ದರ ಕಡೆಯ ಪದ.

ಬೆಳ್ತಂಗಡಿಯ ಕೃಷಿಕರೊಬ್ಬರ ಅಂಗಳಕ್ಕೆ ವ್ಯಾಪಾರಿ ಬಂದು, ಕಿಲೋ ಅಡಿಕೆಗೆ ಹತ್ತು ರೂಪಾಯಿ ಕೊಡುತ್ತೇನೆ ಎಂದನೆನ್ನಿ. ಆ ಬೆಲೆ ‘ಡಿರೈಸರಿ’, ಅಂದರೆ ನಗು ಬರುವಷ್ಟು ಅಲ್ಪ. ಅದನ್ನು ಕೇಳಿ ಕೃಷಿಕರು ನಕ್ಕ ನಗು ‘ಡಿರೈಸಿವ್’, ಅಂದರೆ ಗೇಲಿಯದು. ಹಳೆಯ ಬಳಕೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದದ್ದುಂಟು. ಈಗ ನಗು, ಮಾತು, ನೋಟಗಳಿಗೆ ಮೊದಲನೆಯದು, ಬೆಲೆ, ಸಂಬಳ, ಮೊತ್ತಗಳಿಗೆ ಎರಡನೆಯದು ಎಂದು ನೆನಪಿಟ್ಟರೆ ಸಾಕು.

ನಮ್ಮೂರ ‘ಕುಶಾಲು’ ಇದಲ್ಲ. ಕುಶಾಲಿನಲ್ಲಿ ಇಬ್ಬರೂ ನಗುತ್ತಾರೆ. ‘ಡಿರೈಸಿವ್’ ನಗುವಿನಲ್ಲಿ ಒಬ್ಬ ನಗುತ್ತಾನೆ, ಇನ್ನೊಬ್ಬ ತಲೆ ತಗ್ಗಿಸುತ್ತಾನೆ.

ವಿಜ್ಞಾನದ ಚರಿತ್ರೆಯಲ್ಲೂ ಇಂಥ ನಗುವಿದೆ. ರಾಕೆಟ್ ಚಂದ್ರನನ್ನು ತಲುಪಬಲ್ಲದು ಎಂದು ಅಮೆರಿಕದ ರಾಬರ್ಟ್ ಗೊಡ್ಡಾರ್ಡ್ ಬರೆದಾಗ, 1920ರ ಜನವರಿ 13ರಂದು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯ ಅವರನ್ನು ಗೇಲಿ ಮಾಡಿತು. ಗಾಳಿಯಿಲ್ಲದ ಕಡೆ ಒತ್ತಲು ಆಧಾರವೆಲ್ಲಿ, ಇವರಿಗೆ ಹೈಸ್ಕೂಲಿನ ತಿಳಿವಳಿಕೆಯೂ ಇಲ್ಲ ಎಂಬುದು ಅದರ ಧಾಟಿ. ಆದರೆ ರಾಕೆಟ್‌ಗೆ ಒತ್ತಲು ಗಾಳಿ ಬೇಡ. ಅನಿಲ ಹಿಂದಕ್ಕೆ ಚಿಮ್ಮಿದಾಗ ಅದರ ಪ್ರತಿಕ್ರಿಯೆಯೇ ರಾಕೆಟನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ, ಹೈಸ್ಕೂಲಿನ ಪಾಠವೇ! 1969ರ ಜುಲೈ 16ರಂದು ಅಪೊಲೊ-11 ಚಂದ್ರನತ್ತ ಹೊರಟಿತು. ಮರುದಿನ ಪತ್ರಿಕೆ ತಿದ್ದುಪಡಿ ಪ್ರಕಟಿಸಿ ವಿಷಾದಿಸಿತು. ಅದನ್ನು ಓದಲು ಗೊಡ್ಡಾರ್ಡ್ ಇರಲಿಲ್ಲ. ಅವರು 1945ರಲ್ಲೇ ತೀರಿಕೊಂಡಿದ್ದರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅನೇಕ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಾರೆ. ಕನ್ನಡ, ಇಂಗ್ಲಿಷುಗಳನ್ನು ಶಾಲೆಯಲ್ಲಿ ಕಲಿಯುತ್ತಾರೆ. ಉಚ್ಚಾರ ತುಸು ತಪ್ಪಿದಾಗ ಹಿಂದಿನ ಬೆಂಚಿನಿಂದ ಕಿಸಕ್ಕನೆ ಬರುವ ನಗು ‘ಡಿರೈಸಿವ್’. ಆ ತಪ್ಪು ಮಾತ್ರ ‘ಡಿರೈಸರಿ’ ಅಲ್ಲ, ಅದು ಕಲಿಕೆಯ ಒಂದು ಮೆಟ್ಟಿಲು. ನಗೆಗೀಡಾದ ಮಗು ಮರುದಿನ ಕೈಯೆತ್ತಲು ಹಿಂಜರಿಯುತ್ತದೆ. ಗೊತ್ತಿಲ್ಲದ್ದು ಗೊತ್ತಿಲ್ಲದೆಯೇ ಉಳಿಯುತ್ತದೆ.

ಹೆತ್ತವರೂ ಇದನ್ನು ಗಮನಿಸಬೇಕು. ನೆಂಟರೆದುರು ಮಗುವಿನ ಇಂಗ್ಲಿಷನ್ನೋ ಅಂಕಗಳನ್ನೋ ಆಡಿಕೊಂಡು, ಬರೀ ಕುಶಾಲಿಗೆ ಹೇಳಿದ್ದು ಎನ್ನುವ ಮೊದಲು, ಮಗುವೂ ನಗುತ್ತಿದೆಯೇ ಎಂದು ಒಮ್ಮೆ ನೋಡಿ.