ರೆಡ್ ಡ್ವಾರ್ಫ್: ಮರಳಿ ಬಂದ ನಗೆಯಾಟವೂ ಅಭಿಮಾನಿಗಳ ಮುನಿಸೂ

ನಮ್ಮ ವಾಚನಾಲಯದ ಹಿರಿಯ ಸದಸ್ಯರೊಬ್ಬರು ಈಚೆಗೆ ಒಂದು ಡಬ್ಬಿಯ ತುಂಬ ಡಿಸ್ಕುಗಳನ್ನು ತಂದು ನಮ್ಮ ಕಪಾಟಿಗೆ ಸೇರಿಸಿದರು. ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಬಂದ ‘ರೆಡ್ ಡ್ವಾರ್ಫ್’ ಎಂಬ ನಗೆಧಾರಾವಾಹಿ ಅದು. ಕೊಡುವಾಗ ಅವರು, “ಮೊದಲಿನ ಆರು ಮಾಲೆಗಳನ್ನು ನೋಡಿ. ಆಮೇಲಿನದನ್ನು ಮುಟ್ಟುವುದೇ ಬೇಡ” ಎಂದರು. ಜೊತೆಗೆ ಬಂದಿದ್ದ ಅವರ ಮಗಳು, “ಅಪ್ಪ ಹಾಗೇ ಹೇಳೋದು. ನೀವು ಮಾತ್ರ ಕೊನೆಯದನ್ನು ನೋಡದೆ ಬಿಡಬೇಡಿ” ಎಂದಳು. ಒಂದೇ ಮನೆಯವರು, ಒಂದೇ ಆಟವನ್ನು ಮೆಚ್ಚಿದವರು. ಅವರಲ್ಲಿಯೇ ಇಷ್ಟು ಭೇದವೇಕೆ ಎಂಬ ಕುತೂಹಲ ನಮಗೆ ಹುಟ್ಟಿತು. ಪಾಳಿ ಮುಗಿಸಿ ಬಂದ ರಾತ್ರಿಗಳಲ್ಲಿ ಒಂದೊಂದೇ ಕಂತು ನೋಡುತ್ತಾ ಎಲ್ಲವನ್ನೂ ನೋಡಿ ಮುಗಿಸಿದೆವು. ಈ ಭೇದ ಒಂದು ಮನೆಯದಲ್ಲ, ಇಂಗ್ಲೆಂಡಿನ ಅಭಿಮಾನಿಗಳೆಲ್ಲರೂ ಹೀಗೆಯೇ ಹಂಚಿಹೋಗಿದ್ದಾರೆಂದು ಆಮೇಲೆ ತಿಳಿಯಿತು. ಅದರ ಕಾರಣಗಳನ್ನು ನಮಗೆ ತಿಳಿದಮಟ್ಟಿಗೆ ವಾಚಕರ ಮುಂದೆ ಇಡುತ್ತೇವೆ.

ಮೊದಲು ಕಥೆಯನ್ನು ಹೇಳಬೇಕಷ್ಟೆ. ‘ರೆಡ್ ಡ್ವಾರ್ಫ್’ ಎಂಬುದು ಗಣಿ ಕೆಲಸದ ಒಂದು ಭಾರಿ ಆಕಾಶನೌಕೆ. ಅದರಲ್ಲಿ ಡೇವ್ ಲಿಸ್ಟರ್ ಎಲ್ಲರಿಗಿಂತ ಕೆಳದರ್ಜೆಯ ಕೆಲಸಗಾರ. ಅವನ ಮೇಲೆ ಒಂದೇ ಒಂದು ಮೆಟ್ಟಿಲು ಮೇಲಿರುವವನು ಆರ್ನಲ್ಡ್ ರಿಮ್ಮರ್. ಇವರ ಪಾಳಿಯ ಹೆಸರು ‘ಜೆಡ್ ಶಿಫ್ಟ್’, ಅಂದರೆ ಕಟ್ಟಕಡೆಯ ಪಾಳಿ. ಕೋಳಿಸಾರು ಸುರಿಯುವ ಯಂತ್ರದ ನಳಿಗೆ ಕಟ್ಟಿಕೊಂಡರೆ ಬಿಡಿಸುವುದು ಇವರ ಮುಖ್ಯ ಉದ್ಯೋಗ! ನೌಕೆಯೊಳಕ್ಕೆ ಕದ್ದು ಒಂದು ಬೆಕ್ಕನ್ನು ತಂದದ್ದಕ್ಕಾಗಿ ಲಿಸ್ಟರನಿಗೆ ಶಿಕ್ಷೆಯಾಗುತ್ತದೆ. ಕಾಲವೇ ನಿಂತುಹೋಗುವ ಒಂದು ಕೋಣೆಯಲ್ಲಿ ಅವನನ್ನು ಕೂಡಿಹಾಕುತ್ತಾರೆ. ಅಷ್ಟರಲ್ಲಿ ವಿಕಿರಣ ಸೋರಿ ಉಳಿದವರೆಲ್ಲರೂ ಸಾಯುತ್ತಾರೆ. ನೌಕೆಯ ಗಣಕಯಂತ್ರವು ವಿಷ ಇಳಿಯುವವರೆಗೆ ಕಾದು ಅವನನ್ನು ಹೊರಗೆ ಬಿಡುವ ಹೊತ್ತಿಗೆ 30 ಲಕ್ಷ ವರ್ಷ ಕಳೆದಿರುತ್ತದೆ.

ಜೊತೆಗೆ ಯಾರು? ಸತ್ತ ರಿಮ್ಮರನನ್ನು ಬೆಳಕಿನ ಛಾಯೆಯಾಗಿ, ಅಂದರೆ ಹಾಲೊಗ್ರಾಂ ಆಗಿ ಯಂತ್ರವು ಮತ್ತೆ ಮೂಡಿಸುತ್ತದೆ. ಅವನು ಏನನ್ನೂ ಮುಟ್ಟಲಾರ, ಆದರೆ ಮೇಲಧಿಕಾರಿಯ ಗತ್ತು ಮಾತ್ರ ಕಿಂಚಿತ್ತೂ ಕಡಿಮೆಯಾಗಿಲ್ಲ. ಆ ಬೆಕ್ಕಿನ ಸಂತತಿಯೂ ಲಕ್ಷಾಂತರ ವರ್ಷಗಳಲ್ಲಿ ಬೆಳೆದು ಮನುಷ್ಯಾಕಾರ ತಾಳಿದೆ. ಅದರ ವಂಶದವನೊಬ್ಬ ಮಹಾ ಶೋಕಿಲಾಲ. ಮುಂದೆ ಕ್ರೈಟನ್ ಎಂಬ ಯಂತ್ರಮಾನವ ಸೇವಕನೂ ಸೇರುತ್ತಾನೆ. ಲಿಸ್ಟರನಿಗೆ ಪ್ರಾಣಕ್ಕಿಂತ ಪ್ರಿಯವಾದ ಊಟ ಯಾವುದೆನ್ನುತ್ತೀರಿ? ವಿಂದಾಲೂ! ಪೋರ್ಚುಗೀಸರಿಂದ ಗೋವೆಗೆ ಬಂದು, ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳಿಗೂ ಪರಿಚಿತವಾದ ಆ ಖಾರದ ಪದಾರ್ಥವೇ. 1991ರ ಒಂದು ಕಂತಿನಲ್ಲಂತೂ ವಿಂದಾಲೂ ಜೀವತಳೆದು ರಾಕ್ಷಸನಾಗಿ ಇವರನ್ನು ಅಟ್ಟಿಸಿಕೊಂಡು ಬರುತ್ತದೆ.

ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ ಎಂಬಿಬ್ಬರು ಸ್ನೇಹಿತರು ಇದನ್ನು ಬರೆದವರು. ಬೀಜ ಬಿದ್ದದ್ದು 1980ರ ದಶಕದ ಮೊದಲ ಭಾಗದಲ್ಲಿ ಅವರು ಬಿ.ಬಿ.ಸಿ. ರೇಡಿಯೋಗೆ ಬರೆದ ಚಿಕ್ಕ ಹಾಸ್ಯಪ್ರಸಂಗಗಳಲ್ಲಿ. ಟೆಲಿವಿಷನ್ನಿನವರು ಮೊದಲು ಒಪ್ಪಲಿಲ್ಲ. ಒಪ್ಪಿದ ಮೇಲೆ ವಿದ್ಯುತ್ ಕೆಲಸಗಾರರ ಮುಷ್ಕರದಿಂದ ಮತ್ತೆ ತಡವಾಯಿತು. ಕೊನೆಗೆ 1988ರ ಫೆಬ್ರವರಿ 15ರಂದು ಬಿ.ಬಿ.ಸಿ.ಯ ಎರಡನೆಯ ವಾಹಿನಿಯಲ್ಲಿ ಮೊದಲ ಕಂತು ಬಂದಿತು. ಲಿಸ್ಟರನಾಗಿ ಕ್ರೇಗ್ ಚಾರ್ಲ್ಸ್, ರಿಮ್ಮರನಾಗಿ ಕ್ರಿಸ್ ಬ್ಯಾರಿ, ಬೆಕ್ಕಾಗಿ ಡ್ಯಾನಿ ಜಾನ್-ಜೂಲ್ಸ್, ಮೂರನೆಯ ಮಾಲೆಯಿಂದ ಕ್ರೈಟನ್ ಆಗಿ ರಾಬರ್ಟ್ ಲೆವೆಲಿನ್ ಅಭಿನಯಿಸಿದರು. 1993ರೊಳಗೆ ಆರಾರು ಕಂತುಗಳ ಆರು ಮಾಲೆಗಳಾದವು. ಆರನೆಯ ಮಾಲೆಯ ಒಂದು ಕಂತಿಗೆ 1994ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಬಂದಿತು. ನಮ್ಮ ಹಿರಿಯ ಸದಸ್ಯರು “ಇಷ್ಟೇ ಸಾಕು” ಎನ್ನುವುದು ಇಲ್ಲಿಗೆ.

ಇಷ್ಟರ ಸೊಗಸು ಎಲ್ಲಿದೆ ಎಂಬುದನ್ನು ತಿಳಿದರೆ ಮುಂದಿನ ಜಗಳವೂ ತಿಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ನೌಕೆಯಲ್ಲೂ ಇಲ್ಲ, ನಕ್ಷತ್ರಗಳಲ್ಲೂ ಇಲ್ಲ. ಒಂದು ಕಿರುಕೋಣೆ, ಮೇಲೊಂದು ಕೆಳಗೊಂದು ಮಲಗುವ ಹಲಗೆ, ಒಬ್ಬರನ್ನೊಬ್ಬರು ಸಹಿಸಲಾರದ ಇಬ್ಬರು, ಹೊರಗೆ ಕೊನೆಯಿಲ್ಲದ ಶೂನ್ಯ. ಬಿಟ್ಟುಹೋಗೋಣವೆಂದರೆ ಹೋಗುವ ಜಾಗವಿಲ್ಲ. ಚಾಳಿನ ಒಂದು ಖೋಲಿಯಲ್ಲಿ ನಾಲ್ಕೈದು ಜನ ಪಾಳಿಯ ಮೇಲೆ ಮಲಗಿ ದಿನ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಮ್ಮರನು ಅಧಿಕಾರಿಯಾಗುವ ಪರೀಕ್ಷೆಗೆ ಮತ್ತೆ ಮತ್ತೆ ಕುಳಿತು ನಪಾಸಾದವನು. ಮೊದಲ ಕಂತಿನಲ್ಲಿಯೇ ಮೈಮೇಲೆ ಉತ್ತರಗಳನ್ನು ಬರೆದುಕೊಂಡು ಹೋಗಿ, ಬೆವರಿಗೆ ಅವೆಲ್ಲ ಕಲಸಿಹೋಗಿ, ಪರೀಕ್ಷೆಯ ಕೋಣೆಯಲ್ಲೇ ಮೂರ್ಛೆ ಬೀಳುತ್ತಾನೆ. ಮೆಟ್ರಿಕ್ಕಿಗೆ ಓದು ನಿಲ್ಲಿಸಿ ಗುಮಾಸ್ತೆಯ ಕುರ್ಚಿ ಹಿಡಿದ ನಮಗೆ ಅದನ್ನು ನೋಡಿ ನಗುವೂ ಬಂದಿತು, ನಗು ಅರ್ಧಕ್ಕೇ ನಿಂತೂ ಹೋಯಿತು.

1989ರ ಮೂರನೆಯ ಮಾಲೆಯಲ್ಲಿ ‘ಮರೂನ್ಡ್’ ಎಂಬ ಕಂತೊಂದಿದೆ. ಹಿಮದ ಗ್ರಹವೊಂದರಲ್ಲಿ ಇಬ್ಬರೂ ಸಿಕ್ಕಿಬಿದ್ದು, ಚಳಿಗೆ ಉರಿಸಲು ಏನೂ ಉಳಿದಿಲ್ಲ. ಲಿಸ್ಟರನು ತನ್ನ ಗಿಟಾರನ್ನೇ ಉರಿಸಿದನೆಂದು ನಂಬಿ, ಆ ತ್ಯಾಗಕ್ಕೆ ಕರಗಿ, ರಿಮ್ಮರನು ತನ್ನ ಅಚ್ಚುಮೆಚ್ಚಿನ ಗೊಂಬೆ ಸಿಪಾಯಿಗಳನ್ನು ಬೆಂಕಿಗೆ ಹಾಕಲು ಒಪ್ಪುತ್ತಾನೆ. ನಿಜಸಂಗತಿಯೆಂದರೆ, ಲಿಸ್ಟರನು ರಿಮ್ಮರನ ತಂದೆ ಕೊಟ್ಟ ಪೆಟ್ಟಿಗೆಯಿಂದ ಗಿಟಾರಿನಾಕಾರದ ತುಂಡು ಕತ್ತರಿಸಿ ಉರಿಸಿರುತ್ತಾನೆ! ಇಡೀ ಕಂತು ಇಬ್ಬರ ಮಾತಿನ ಮೇಲೆಯೇ ನಿಂತಿದೆ.

ಇನ್ನು ಮುನಿಸಿನ ಕಥೆ. 1993ರ ಮಾಲೆಯ ಕೊನೆಯಲ್ಲಿ ಇವರ ಚಿಕ್ಕನೌಕೆ ಸಿಡಿದುಹೋಗುತ್ತದೆ. ಮುಂದೇನೆಂದು ತಿಳಿಯಲು ಜನ 1997ರವರೆಗೆ ಕಾದರು. ಅಷ್ಟರಲ್ಲಿ ರಾಬ್ ಗ್ರಾಂಟ್ ಹೊರಬಂದಿದ್ದರು. ಇಬ್ಬರೂ ಕೂಡಿ ಬರೆದ ಕಾದಂಬರಿಗೆ ‘ಗ್ರಾಂಟ್ ನೇಲರ್’ ಎಂದು ಒಂದೇ ಹೆಸರು ಹಾಕಿಕೊಂಡಿದ್ದವರು ಅವರು; ಯಾವ ಮಾತು ಯಾರದೆಂದು ಹೊರಗಿನವರಿಗೆ ಹೇಳಲಾಗುತ್ತಿರಲಿಲ್ಲ. ಏಳನೆಯ ಮಾಲೆಯನ್ನು ನೇಲರ್ ಬೇರೆ ಲೇಖಕರ ನೆರವಿನಿಂದ ನಡೆಸಿದರು. ಎರಡನೆಯ ಕಂತಿಗೇ ರಿಮ್ಮರನು ನೌಕೆ ಬಿಟ್ಟುಹೋದನು, ಕೊಚಾನ್ಸ್ಕಿ ಎಂಬ ಯುವತಿ ಬಂದಳು. 1999ರ ಎಂಟನೆಯ ಮಾಲೆಯಲ್ಲಿ ಸತ್ತ ಸಿಬ್ಬಂದಿಯೆಲ್ಲ ಮತ್ತೆ ಜೀವತಳೆದರು. ಅದರ ಮೊದಲ ಕಂತನ್ನು ಸುಮಾರು 80 ಲಕ್ಷ ಜನ ನೋಡಿದರು. ಆದರೂ ಹಳೆಯ ಅಭಿಮಾನಿಗಳ ಆಕ್ಷೇಪಣೆ ಸರಿಯಾದುದೇ: ಒಂಟಿತನವೇ ಬುನಾದಿಯಾದ ಕಥೆಯಲ್ಲಿ ನೌಕೆಯ ತುಂಬ ಜನರನ್ನು ತುಂಬಿದರೆ ಉಳಿಯುವುದೇನು? ಇವೆರಡರ ನಡುವೆ, 1998ರಲ್ಲಿ, ಮೊದಲ ಮೂರು ಮಾಲೆಗಳ ಮಾದರಿನೌಕೆಯ ದೃಶ್ಯಗಳನ್ನು ತೆಗೆದು ಗಣಕಯಂತ್ರದ ಚಿತ್ರಗಳನ್ನು ಕೂಡಿಸಿ ‘ಪರಿಷ್ಕರಿಸಿದ್ದೂ’ ಉಂಟು. ಅದು ಎಷ್ಟು ಜನರಿಗೆ ರುಚಿಸಲಿಲ್ಲವೆಂದರೆ, 2002ರಿಂದ ಡಿ.ವಿ.ಡಿ.ಗಳು ಬರತೊಡಗಿದಾಗ ಹಾಕಿದ್ದು ಹಳೆಯ ರೂಪವನ್ನೇ.

ನಗುವಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮೊದಲಿನ ಮಾಲೆಗಳನ್ನು ಸ್ಟುಡಿಯೋದಲ್ಲಿ ಜನರನ್ನು ಕೂರಿಸಿ, ಅವರ ಎದುರಿಗೆ ಆಡಿ ತೆಗೆಯುತ್ತಿದ್ದರು. ಎದುರಿಗೆ ಜನರಿದ್ದರೆ ನಟನು ಮಾತೆಸೆದು ನಗು ಏಳಲು ಬಿಟ್ಟು, ಅದು ಇಳಿಯುವ ಹೊತ್ತಿಗೆ ಮುಂದಿನ ಮಾತು ಎತ್ತುತ್ತಾನೆ. ನಾಟಕದ ಕಂಪನಿಗಳಲ್ಲಿ ಹಾಸ್ಯಪಾತ್ರ ಮಾಡುವವರು ಇದನ್ನೇ ಅಲ್ಲವೇ ಮಾಡುವುದು? ಏಳನೆಯ ಮಾಲೆಯನ್ನು ಚಲಚ್ಚಿತ್ರದ ಹಾಗೆ ಜನರಿಲ್ಲದೆ ತೆಗೆದು, ಆಮೇಲೆ ಜನರಿಗೆ ತೋರಿಸಿ ನಗುವನ್ನು ಸೇರಿಸಿದರು. ಕೇಳುವ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ; ಮಾತು ಒಂದು ಕಡೆ, ನಗು ಒಂದು ಕಡೆ.

1999ರ ಮಾಲೆಯೂ ಅರ್ಧಕ್ಕೇ ನಿಂತಿತು. ಉರಿಯುವ ನೌಕೆಯಲ್ಲಿ ರಿಮ್ಮರನೊಬ್ಬನೇ ಉಳಿದು, ಕರೆದೊಯ್ಯಲು ಬಂದ ಸಾವಿಗೇ ಒದ್ದು ಓಡಿದನು. ಮುಂದಿನ ಕಥೆ ಬರಲೇ ಇಲ್ಲ. ಚಲಚ್ಚಿತ್ರವಾಗುತ್ತದೆಂಬ ಮಾತು ವರ್ಷಾನುಗಟ್ಟಲೆ ನಡೆದು ಕೈಗೂಡಲಿಲ್ಲ. ಆ ಹತ್ತು ವರ್ಷ ಇದನ್ನು ಬದುಕಿಸಿದವರು ಅಭಿಮಾನಿಗಳು. ಅವರ ಸಂಘವಿತ್ತು, ‘ಡೈಮೆನ್ಷನ್ ಜಂಪ್’ ಎಂಬ ಸಮ್ಮೇಳನಗಳಿದ್ದವು, ಡಿಸ್ಕುಗಳನ್ನು ಕೊಂಡರು, ಮರುಪ್ರಸಾರಗಳನ್ನು ಬಿಡದೆ ನೋಡಿದರು. ಹಳೆಯ ಕಾರ್ಯಕ್ರಮಗಳನ್ನು ಮತ್ತೆ ತೋರಿಸುವುದಕ್ಕೆ ಹೆಸರಾಗಿದ್ದ ‘ಡೇವ್’ ಎಂಬ ವಾಹಿನಿ ಅದನ್ನು ಕಂಡು, 2009ರ ಈಸ್ಟರ್ ಹಬ್ಬಕ್ಕೆ ‘ಬ್ಯಾಕ್ ಟು ಅರ್ತ್’ ಎಂಬ ಹೊಸ ಕಥೆಯನ್ನು ಮೂರು ಭಾಗಗಳಲ್ಲಿ ತಂದಿತು.

20 ಲಕ್ಷಕ್ಕೂ ಮಿಕ್ಕಿ ಜನ ನೋಡಿದರು. ಅಂಥ ಚಿಕ್ಕ ವಾಹಿನಿಗೆ ಅದು ದೊಡ್ಡ ಸಂಖ್ಯೆಯೇ. ಆದರೆ ನೋಡಿದವರು ಎರಡು ಪಕ್ಷವಾದರು. ಈ ಕಥೆಯಲ್ಲಿ ನಗುವ ಜನರ ಧ್ವನಿಯೇ ಇಲ್ಲ. ನಾಲ್ವರೂ ಭೂಮಿಗೆ ಬಂದು, ತಾವು ಒಂದು ಟೆಲಿವಿಷನ್ ಕಥೆಯ ಪಾತ್ರಗಳೆಂದೂ, ಕೊನೆಯ ಕಂತಿನಲ್ಲಿ ಸಾಯಲಿರುವವರೆಂದೂ ತಿಳಿದು, ಇನ್ನಷ್ಟು ಆಯುಸ್ಸು ಬೇಡಲು ಕಥೆಗಾರನನ್ನು ಹುಡುಕಿಕೊಂಡು ಹೋಗುತ್ತಾರೆ. ಲಿಸ್ಟರನು ಕ್ರೇಗ್ ಚಾರ್ಲ್ಸನನ್ನೇ ಭೇಟಿಯಾಗುವ ದೃಶ್ಯವೂ ಇದೆ. ಒಂದು ಪಕ್ಷದವರು, “ನಗೆಯಿಲ್ಲದ ನಗೆಯಾಟ, ಬರಿಯ ಚಮತ್ಕಾರ” ಎಂದರು. ಇನ್ನೊಂದು ಪಕ್ಷದವರಿಗೆ ಇವರು ಮತ್ತೆ ಬಂದದ್ದೇ ಸಾಕಾಗಿತ್ತು. ನಮಗೆ ತೋರುವುದೇನೆಂದರೆ, ಈ ಕಥೆ ಅಭಿಮಾನಿಗಳ ಪ್ರಶ್ನೆಯನ್ನೇ ಪಾತ್ರಗಳ ಬಾಯಲ್ಲಿ ಕೇಳಿಸಿತು: ಮುಗಿಯಬೇಕಾದದ್ದನ್ನು ಇನ್ನಷ್ಟು ದಿನ ನಡೆಸಬೇಕೆಂದು ಕೇಳುವ ಹಕ್ಕು ಯಾರಿಗಿದೆ?

ತಯಾರಕರು ದೂರುಗಳನ್ನು ಕಿವಿಗೆ ಹಾಕಿಕೊಂಡರೆನ್ನಬೇಕು. 2012ರ ಹತ್ತನೆಯ ಮಾಲೆಗೆ ಜನರನ್ನು ಮತ್ತೆ ಸ್ಟುಡಿಯೋಕ್ಕೆ ಕರೆದರು. ಜನಜಂಗುಳಿಯನ್ನು ಬಿಟ್ಟು ನಾಲ್ವರನ್ನೇ ಉಳಿಸಿದರು. ಮೆಚ್ಚಿದವರು ಹೆಚ್ಚಾದರು. ಆ ಮಾಲೆಯ ಕೊನೆಯ ಕಂತಿಗೆ ‘ದಿ ಬಿಗಿನಿಂಗ್’ ಎಂದು ಹೆಸರು. ಜೀವಮಾನವೆಲ್ಲ ತಂದೆಯ ಮೆಚ್ಚುಗೆಗಾಗಿ ಒದ್ದಾಡಿದ ರಿಮ್ಮರನಿಗೆ, ಆತ ತನ್ನ ಹೆತ್ತ ತಂದೆಯೇ ಅಲ್ಲ, ತಾನು ತೋಟದ ಮಾಲಿಯ ಮಗನೆಂದು ಆಗ ತಿಳಿಯುತ್ತದೆ. ಅವನಿಗೆ ದುಃಖವಾಗುವುದಿಲ್ಲ, ಹೆಗಲ ಮೇಲಿನ ಮೂಟೆ ಇಳಿಸಿದಂತಾಗಿ, ಮೊದಲ ಸಲ ಧೈರ್ಯದಿಂದ ನಿಲ್ಲುತ್ತಾನೆ. 2016 ಮತ್ತು 2017ರಲ್ಲಿ ಇನ್ನೆರಡು ಮಾಲೆಗಳು, 2020ರ ಏಪ್ರಿಲಿನಲ್ಲಿ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಎಂಬ ದೀರ್ಘ ಕಥೆ ಬಂದವು.

ಆದರೂ ಮುನಿಸು ತೀರಲಿಲ್ಲ, ತೀರುವಂಥದೂ ಅಲ್ಲ. ವಯಸ್ಸನ್ನೇ ನೋಡಿ. 1988ರಲ್ಲಿ ಕ್ರೇಗ್ ಚಾರ್ಲ್ಸನಿಗೆ 23 ವರ್ಷ, 2012ರಲ್ಲಿ 48. ಇಪ್ಪತ್ತಮೂರರ ಹುಡುಗ ಕೊಳೆ ಅಂಗಿ ತೊಟ್ಟು ಕಾಲು ಚಾಚಿ ಬಿದ್ದುಕೊಂಡರೆ ಅದು ತುಂಟತನ. ಐವತ್ತರ ಸಮೀಪದವನು ಹಾಗೆಯೇ ಬಿದ್ದುಕೊಂಡರೆ ನೋಡುವವರ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಇದನ್ನು ಕೆಲವರು ಕುಂದೆಂದರು, ಕೆಲವರು ಕಥೆಗೆ ಬಂದ ಆಳವೆಂದರು. ಸತ್ತು ಬೆಳಕಾದ ರಿಮ್ಮರನಿಗೆ ಮುಖದಲ್ಲಿ ಗೆರೆ ಮೂಡುವುದು ಹೇಗೆಂದು ಕೇಳುವವರೂ ಇದ್ದಾರೆ! ಆಟ ಯಾರದೆಂಬ ಪ್ರಶ್ನೆ ಬರೆದವರಿಬ್ಬರ ನಡುವೆಯೂ ವ್ಯಾಜ್ಯವಾಗಿ, 2023ರಲ್ಲಿ ಬಗೆಹರಿಯಿತೆಂದು ಪ್ರಕಟವಾಯಿತು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಅಭಿಮಾನಿಗಳ ದೂರುಗಳು ಬರಿಯ ಗೊಣಗಾಟವಲ್ಲ. ಒಬ್ಬರು ಒಂಟಿತನವನ್ನು ಕೇಳುತ್ತಾರೆ, ಒಬ್ಬರು ಎದುರಿಗೆ ಕುಳಿತವರ ನಗುವನ್ನು, ಒಬ್ಬರು ಇಬ್ಬರು ಕೂಡಿ ಬರೆದ ಮಾತಿನ ಮೊನಚನ್ನು. ಮೂರೂ ಆ ಆಟದ ನಿಜವಾದ ಅಂಗಗಳೇ. ಮೊದಲಿನ ಎರಡನ್ನು ಹಿಂದಕ್ಕೆ ತಂದಾಗ ಆಟ ಚೇತರಿಸಿಕೊಂಡಿತು. ಮೂರನೆಯದು ಬರಲಿಲ್ಲ, ಮೊನಚು ಕೆಲವೆಡೆ ಕಡಿಮೆಯೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಯುವಕರ ಕೈಯಲ್ಲಿ ಬಾರದ ಒಂದು ವಸ್ತು ಮುಪ್ಪಿನ ಆಟದಲ್ಲಿ ಬಂದಿದೆ. 2020ರ ಕಥೆಯಲ್ಲಿ, ತಾನು ನಿಜವಾಗಿ ಇರುವವನೇ ಅಲ್ಲವೆಂದು ರಿಮ್ಮರನು ಕುಗ್ಗಿದಾಗ, ಲಿಸ್ಟರನು ಅವನನ್ನು ಬೆಳದಿಂಗಳಿಗೆ ಹೋಲಿಸುತ್ತಾನೆ. ಬೆಳದಿಂಗಳು ಸೂರ್ಯನ ಬೆಳಕಿನ ಪ್ರತಿಫಲನ. ಹಾಗೆಂದು ಅದು ಇಲ್ಲವೆನ್ನಲಾದೀತೇ? ಮೂವತ್ತೆರಡು ವರ್ಷ ಕಚ್ಚಾಡಿದವರ ನಡುವೆ ಆಡಿದ್ದರಿಂದಲೇ ಆ ಮಾತಿಗೆ ತೂಕ.

ನಮ್ಮ ಹಿರಿಯ ಸದಸ್ಯರು ತೊಂಬತ್ತರ ದಶಕದಲ್ಲಿ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿ ಒಬ್ಬರೇ ಕೋಣೆ ಮಾಡಿಕೊಂಡಿದ್ದಾಗ ಇದನ್ನು ನೋಡಿದವರಂತೆ. ಹೋದ ಶನಿವಾರ ನಾವು ಈ ಭಾಗವನ್ನು ಹಾಕಿದಾಗ ಬಾಗಿಲ ಬಳಿ ನಿಂತೇ ನೋಡಿದರು. “ಮೊದಲಿನ ಹಾಗಿಲ್ಲ” ಎಂದರು. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದುಕೊಂಡು ಕುಳಿತರು, ಮುಗಿಯುವವರೆಗೆ ಏಳಲಿಲ್ಲ.

ಡಿಸ್ಕುಗಳು ಎರಡನೆಯ ಕಪಾಟಿನಲ್ಲಿವೆ. ಹೊಸಬರು ಮೂರನೆಯ ಮಾಲೆಯಿಂದ ಆರಂಭಿಸಿ, ಹಿಡಿಸಿದರೆ ಮೊದಲಿಗೆ ಹೋಗಬಹುದು; ಏಳು ಎಂಟನ್ನು ಬಿಡುವಿದ್ದರೆ ನೋಡಿದರಾಯಿತು. 2012ರದನ್ನೂ 2020ರದನ್ನೂ ಮಾತ್ರ ಬಿಡಬೇಡಿರೆಂದು ನಮ್ಮ ವಿನಂತಿ.