ಎಂಜಿನ್, ಗೇರ್ ಬಾಕ್ಸ್ ಕವಚ ಬಿರುಕು ಬಿಟ್ಟಾಗ ತುರ್ತು ದುರಸ್ತಿ

ಭದ್ರಾ ನಾಲೆಗೆ ನೀರು ಬಿಟ್ಟೊಡನೆ ಶಿವಮೊಗ್ಗ, ಭದ್ರಾವತಿ ಸುತ್ತಿನ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವಿರುವುದಿಲ್ಲ. ಸಸಿ ನಾಟಿಗೆ ಸಿದ್ಧವಾಗಿರುವಾಗಲೇ ಎಂಜಿನ್ ಅಥವಾ ಗೇರ್ ಬಾಕ್ಸಿನ ಕವಚ ಬಿರುಕು ಬಿಟ್ಟು ಆಯಿಲ್ ಸೋರಿದರೆ ರೈತರಿಗೆ ದಿಕ್ಕು ತೋಚದಂತಾಗುತ್ತದೆ. ಕೆಲವು ಬಿರುಕುಗಳನ್ನು ಸ್ಥಳದಲ್ಲೇ ತಾತ್ಕಾಲಿಕವಾಗಿ ಮುಚ್ಚಬಹುದು. ಕೆಲವನ್ನು ಹಾಗೆ ಮುಚ್ಚಿದರೆ ಪ್ರಾಣಕ್ಕೇ ಅಪಾಯ.

ಬಿರುಕಿಗೆ ಕಾರಣ

ಟ್ರ್ಯಾಕ್ಟರಿನ ಕವಚಗಳು ಹೆಚ್ಚಾಗಿ ಬೀಡುಕಬ್ಬಿಣದವು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ತಯಾರಿಕೆ ಆರಂಭವಾದಂದಿನಿಂದ ಈ ಭಾಗದವರಿಗೆ ಬೀಡು ಹೊಸದಲ್ಲ. ಇದರಲ್ಲಿ ಇಂಗಾಲದ ಅಂಶ ಶೇಕಡಾ 2ಕ್ಕಿಂತ ಹೆಚ್ಚು. ಆದುದರಿಂದ ಭಾರ ತಡೆಯುತ್ತದೆ, ಪೆಟ್ಟು ತಡೆಯದು, ಬಾಗದೆ ಸೀಳುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದು, ಬೋಲ್ಟು ಸಡಿಲವಾಗಿರುವುದು, ಕಲ್ಲಿನ ಪೆಟ್ಟು ಇವು ಮುಖ್ಯ ಕಾರಣಗಳು.

ಮುಚ್ಚಬಾರದ ಬಿರುಕು

ಬಹುತೇಕ ಟ್ರ್ಯಾಕ್ಟರುಗಳಿಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಮತ್ತು ಗೇರ್ ಬಾಕ್ಸಿನ ಕವಚಗಳೇ ಒಂದಕ್ಕೊಂದು ಸೇರಿ ಇಡೀ ಭಾರ ಹೊರುತ್ತವೆ. ಈ ಕವಚಗಳ ಕೂಡುಭಾಗ, ಬೋಲ್ಟಿನ ತೂತು, ಬೇರಿಂಗ್ ಕೂರುವ ಜಾಗ, ಸ್ಟೀರಿಂಗ್ ಅಥವಾ ಬ್ರೇಕಿನ ಬಳಿ ಬಿರುಕಿದ್ದರೆ ಟ್ರ್ಯಾಕ್ಟರನ್ನು ಓಡಿಸಕೂಡದು. ಲಾರಿಯಲ್ಲಿ ಸಾಗಿಸಬೇಕು. ಅಂಟು ಸೋರಿಕೆ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ.

ತುರ್ತು ದುರಸ್ತಿಯ ಕ್ರಮ

ಭಾರ ಬೀಳದ ಗೋಡೆಯಲ್ಲಿ ಅಥವಾ ಮುಚ್ಚಳದಲ್ಲಿ ಬಿರುಕಿದ್ದರೆ ಹೀಗೆ ಮಾಡಬಹುದು.

1. ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಆಯಿಲ್ ಅಥವಾ ನೀರನ್ನು ಬಿರುಕಿನ ಕೆಳಮಟ್ಟಕ್ಕೆ ಇಳಿಸಬೇಕು.

2. ಬಿರುಕಿನ ಮೇಲೆ ಡೀಸೆಲ್ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಪುಡಿಯಲ್ಲಿ ಗೆರೆ ಮೂಡಿ ಬಿರುಕಿನ ಎರಡು ತುದಿಗಳೂ ಕಾಣುತ್ತವೆ.

3. ಎರಡೂ ತುದಿಗಳಲ್ಲಿ ಸುಮಾರು 3 ಮಿ.ಮೀ. ತೂತು ಕೊರೆಯಬೇಕು. ಬಿರುಕು ಮುಂದೆ ಹರಿಯದಂತೆ ಇದು ತಡೆಯುತ್ತದೆ. ಕೊರೆದ ಪುಡಿ ಒಳಗೆ ಬೀಳದಂತೆ ಡ್ರಿಲ್ಲಿಗೆ ಗ್ರೀಸ್ ಹಚ್ಚಬೇಕು.

4. ಬಿರುಕಿನುದ್ದಕ್ಕೂ ಅರದಿಂದ ಸಣ್ಣ ಗಾಡಿ ತೆಗೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಥಿನ್ನರಿನಿಂದ ಜಿಡ್ಡು ಪೂರ್ತಿ ತೆಗೆಯಬೇಕು. ಆಗ ಹತ್ತಿರ ಬೆಂಕಿ, ಬೀಡಿ ಇರಕೂಡದು.

5. ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ಒತ್ತಿ ತುಂಬಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಬೇಕು.

ಬಳಿಕ ಹಗುರ ಕೆಲಸ ಮಾತ್ರ ಮಾಡಿಸಿ, ಆಯಿಲ್ ಮಟ್ಟವನ್ನು ಆಗಾಗ್ಗೆ ನೋಡುತ್ತಿರಬೇಕು.

ಶಾಶ್ವತ ದುರಸ್ತಿ

ಬೀಡಿಗೆ ಸಾಮಾನ್ಯ ಕಡ್ಡಿಯಿಂದ ಬೆಸುಗೆ ಹಾಕಿದರೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ನಿಕ್ಕಲ್ ಕಡ್ಡಿಯಿಂದ ಒಂದೊಂದು ಅಂಗುಲದಷ್ಟೇ ಬೆಸೆದು, ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ನಿಧಾನವಾಗಿ ಆರಿಸಬೇಕು. ಅಯಸ್ಕಾಂತ ಹಿಡಿಯದ ಕವಚ ಅಲ್ಯೂಮಿನಿಯಂನದಾಗಿರಬಹುದು. ಅದರ ಬೆಸುಗೆಯ ವಿಧಾನವೇ ಬೇರೆ. ಶಿವಮೊಗ್ಗ, ಭದ್ರಾವತಿಯ ಗ್ಯಾರೇಜುಗಳಿಗೆ ಒಯ್ದಾಗ ಬೀಡಿನ ಬೆಸುಗೆ ಬಲ್ಲವರನ್ನೇ ವಿಚಾರಿಸಿ ಕೆಲಸ ಕೊಡುವುದು ಲೇಸು. ಭಾರ ಹೊರುವ ಕವಚ ಒಡೆದಿದ್ದರೆ ಹೊಸದನ್ನೇ ಹಾಕಿಸುವುದು ಕ್ಷೇಮ.

ಹಂಗಾಮಿಗೆ ಮುಂಚೆಯೇ ಬೋಲ್ಟುಗಳನ್ನು ಬಿಗಿಸಿ, ರೇಡಿಯೇಟರಿನ ನೀರು ನೋಡಿಕೊಂಡರೆ ಇಂಥ ಎಷ್ಟೋ ತೊಂದರೆಗಳನ್ನು ತಪ್ಪಿಸಬಹುದು.