ಸ್ವಿಂಗ್ ನೃತ್ಯವೂ ದೇಹಾರೋಗ್ಯವೂ

ಸಯನ್ನಿನ ಸಭಾಗೃಹಗಳಿಗೆ ಕನ್ನಡಿಗರು ಹೋಗುವುದು ಮದುವೆಗೆ, ಹರಿಕಥೆಗೆ, ಯಕ್ಷಗಾನಕ್ಕೆ. ಅಂಥ ಸಭಾಗೃಹದ ಕುರ್ಚಿಗಳನ್ನು ಗೋಡೆಯ ಬದಿಗೆ ಸರಿಸಿ, ಜಾಝ್ ವಾದ್ಯಕ್ಕೆ ಜೋಡಿಯಾಗಿ ಹೆಜ್ಜೆಹಾಕುವ ಸಂಜೆಯೊಂದನ್ನು ಏರ್ಪಡಿಸೋಣವೆಂದರೆ ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಈ ನೃತ್ಯವು ಮುಂಬಯಿಗೆ ಹೊಸತಲ್ಲ. ಅದರಿಂದ ದೇಹಕ್ಕಾಗುವ ಉಪಕಾರವೂ ಅಲ್ಪವಲ್ಲ.

ಸ್ವಿಂಗ್ ಎಂಬುದು 1930ರ ದಶಕದಲ್ಲಿ ಜನಪ್ರಿಯವಾದ ಜಾಝ್ ಶೈಲಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ತೆರೆದ ಸವಾಯ್ ನೃತ್ಯಶಾಲೆಯಲ್ಲಿ, ವರ್ಣಭೇದವು ಪ್ರಬಲವಾಗಿದ್ದ ಆ ದಿನಗಳಲ್ಲೂ, ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿದರು. ಲಿಂಡಿ ಹಾಪ್ ಎಂಬ ಜೋಡಿನೃತ್ಯ ಬೆಳೆದದ್ದು ಅಲ್ಲಿಯೇ. 1935ರಲ್ಲಿ ಲಿಯಾನ್ ಅಬ್ಬೆಯವರ ತಂಡವು ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿ ಜಾಝ್ ನುಡಿಸಿತು. ಮುಂದೆ ಗೋವೆಯ ವಾದ್ಯಗಾರರು ಈ ಲಯವನ್ನು ಚಿತ್ರಸಂಗೀತಕ್ಕೂ ತಂದರು. ಸಿ. ರಾಮಚಂದ್ರರು ಸಂಗೀತ ನೀಡಿದ 1951ರ ‘ಅಲ್‌ಬೇಲಾ’ ಚಿತ್ರದಲ್ಲಿ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟರ ಸಹಕಾರವಿತ್ತು.

ಸ್ವಿಂಗಿನ ಮರ್ಮವಿರುವುದು ಲಯದಲ್ಲಿ. ಒಂದು ಮಾತ್ರೆಯನ್ನು ಎರಡು ಸಮಪಾಲು ಮಾಡದೆ, ಮೊದಲ ಪಾಲನ್ನು ಕೊಂಚ ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುತ್ತಾರೆ. ಕಾಲು ತಾನಾಗಿ ಮಿಡಿಯುವುದು ಅದರಿಂದ. ಹೆಜ್ಜೆಗಳನ್ನು ಎಂಟು ಅಥವಾ ಆರು ಎಣಿಕೆಗಳಲ್ಲಿ ಜೋಡಿಸಿರುತ್ತಾರೆ. ಆದಿತಾಳದ ಎಂಟು ಅಕ್ಷರಗಳನ್ನು ಕೈಯಲ್ಲಿ ಎಣಿಸಿದವರಿಗೆ ಈ ಲೆಕ್ಕ ಕಷ್ಟವಲ್ಲ.

ಇನ್ನು ಆರೋಗ್ಯದ ಮಾತು. ಲೋಕಲ್ ರೈಲಿನಲ್ಲಿ ನಿಂತು, ಕಚೇರಿಯಲ್ಲಿ ಕುಳಿತು ದಿನ ಕಳೆಯುವ ನಗರವಾಸಿಗೆ ವ್ಯಾಯಾಮವೇ ದುರ್ಲಭ. 2007ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದರಂತೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು 6 ವರ್ಷ ಮುಂಚಿತವಾಗಿಯೇ ಸಂಭವಿಸುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತನಾಡಲು ಸಾಧ್ಯ, ಹಾಡಲು ಉಸಿರು ಸಾಲದು ಎಂಬಷ್ಟು ಶ್ರಮವೇ ಸಾಧಾರಣ ಶ್ರಮ. ಮಂದಗತಿಯ ಸ್ವಿಂಗ್ ನೃತ್ಯ ಈ ಮಿತಿಯಲ್ಲಿರುತ್ತದೆ. ವೇಗ ಹೆಚ್ಚಿದಂತೆ ಶ್ರಮವೂ ಹೆಚ್ಚುತ್ತದೆ.

ನ್ಯೂಯಾರ್ಕಿನಲ್ಲಿ 75 ವರ್ಷ ಮೀರಿದ 469 ಮಂದಿಯನ್ನು ಕುರಿತ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅಲ್ಲಿ ಪರಿಶೀಲಿಸಿದ ದೈಹಿಕ ಚಟುವಟಿಕೆಗಳ ಪೈಕಿ ಮರೆವಿನ ರೋಗದ ಸಂಭವ ಕಡಿಮೆಯಿದ್ದುದು ನೃತ್ಯ ಮಾಡುವವರಲ್ಲಿ ಮಾತ್ರ. ನೃತ್ಯವೇ ರೋಗವನ್ನು ತಡೆಯಿತೆಂದು ಇದರಿಂದ ಸಿದ್ಧವಾಗದು. ಆದರೆ ಎಣಿಕೆ, ಸಂಗೀತ, ಜೊತೆಗಾರರ ಸೂಚನೆ ಇವೆಲ್ಲಕ್ಕೂ ಏಕಕಾಲದಲ್ಲಿ ಗಮನಕೊಡಬೇಕಾದ ವ್ಯಾಯಾಮಗಳು ವಿರಳವೆಂಬುದು ನಿಜ.

ಎಚ್ಚರಿಕೆಯೂ ಅಗತ್ಯ. ಊಟವಾದ ಕೂಡಲೆ ಕುಣಿಯಬಾರದು. ನೆಲ ಒದ್ದೆಯಿರಬಾರದು. ಜಾರದ, ಆದರೆ ಸುಲಭವಾಗಿ ತಿರುಗುವ ಪಾದರಕ್ಷೆ ಬೇಕು. ಹೃದ್ರೋಗ, ರಕ್ತದೊತ್ತಡ, ಮಂಡಿನೋವು ಉಳ್ಳವರು ಮೊದಲು ವೈದ್ಯರನ್ನು ಕಾಣಬೇಕು. ಎದೆಯಲ್ಲಿ ಬಿಗಿತ, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಬೇಕು. ಎದೆಬಿಗಿತ ಶಮನವಾಗದಿದ್ದರೆ ಆಸ್ಪತ್ರೆಗೆ ಧಾವಿಸಬೇಕು.

ಪರರ ಕೈ ಹಿಡಿಯುವ ಸಂಕೋಚವಿದ್ದರೆ ತಾಯಿ ಮಗಳು, ಅಕ್ಕ ತಂಗಿ, ಸ್ನೇಹಿತರಿಬ್ಬರು ಜೋಡಿಯಾಗಬಹುದು. ಮಕ್ಕಳು ದೂರದೇಶ ಸೇರಿದ ಮೇಲೆ ಮೂರನೆಯ ಮಹಡಿಯ ಕಿಟಕಿಗೇ ಅಂಟಿಕೊಂಡಿರುವ ಹಿರಿಯರು ನಮ್ಮಲ್ಲಿ ಅನೇಕರು. ವಾರಕ್ಕೊಮ್ಮೆ ಯಾರೋ ಕರೆಯುತ್ತಾರೆ, ಕೈನೀಡುತ್ತಾರೆ ಎಂಬ ನಿರೀಕ್ಷೆ ಅವರ ಪಾಲಿಗೆ ಔಷಧಕ್ಕಿಂತ ಕಡಿಮೆಯದಲ್ಲ.